ಹಳೆ ಬಟ್ಟೆಗೆ ಹೊಸ ರೂಪ: ಬಣ್ಣ ಅದ್ದಬೇಕೋ, ತೇಪೆ ಹಾಕಬೇಕೋ, ಕತ್ತರಿ ಹಿಡಿಯಬೇಕೋ?

ಕಪಾಟಿನ ತಳದಲ್ಲಿರುವ ಸೀರೆ, ಅಂಗಿ, ಜೀನ್ಸನ್ನು ಮತ್ತೆ ಹಾಕಿಕೊಳ್ಳುವಂತೆ ಮಾಡಬೇಕು ಅನ್ನಿಸಿದಾಗ ಮೊಬೈಲಿನಲ್ಲಿ ಕಂಡ ಯಾವುದೋ ಚಂದದ ಐಡಿಯಾದಿಂದ ಕೆಲಸ ಶುರು ಮಾಡುವವರೇ ಹೆಚ್ಚು. ಮೊದಲು ನೋಡಬೇಕಾದ್ದು ಬಟ್ಟೆಗೆ ಏನಾಗಿದೆ ಎಂದು. ಮಾಸಿದೆಯೇ, ಕಲೆ ಬಿದ್ದಿದೆಯೇ, ಹರಿದಿದೆಯೇ, ಬಿಗಿಯಾಗಿದೆಯೇ, ಅಥವಾ ಉಟ್ಟು ಉಟ್ಟು ಬೇಜಾರು ಬಂದಿದೆಯೇ? ಮಾಸಿದ ಬಟ್ಟೆಗೆ ಕಸೂತಿ ಹಾಕಿದರೆ ಮಾಸಿದ್ದೇ ಇನ್ನಷ್ಟು ಎದ್ದು ಕಾಣುತ್ತದೆ. ಹರಿದದ್ದಕ್ಕೆ ಬಣ್ಣ ಹಾಕಿದರೆ ಕುದಿಯುವ ನೀರಿನಲ್ಲೇ ತೂತು ದೊಡ್ಡದಾಗುತ್ತದೆ.

ಎರಡನೆಯದು, ಬಟ್ಟೆ ಯಾವ ನೂಲಿನದು ಎಂದು. ಅಂಗಡಿಯವರು ‘ಕಾಟನ್’ ಅಂದಿದ್ದನ್ನು ನಂಬಬೇಡಿ. ಹೊಲಿಗೆಯ ಒಳಬದಿಯಿಂದ ನಾಲ್ಕಾರು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಬಚ್ಚಲಿನ ಸಿಮೆಂಟು ನೆಲದ ಮೇಲೆ ಸುಟ್ಟು ನೋಡಿ. ಪಕ್ಕದಲ್ಲಿ ಒಂದು ಚೊಂಬು ನೀರಿರಲಿ. ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿ ಉಳಿದರೆ ಹತ್ತಿ. ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕರಿ ಗುಳಿಗೆ ಅಂದರೆ ರೇಷ್ಮೆ. ಕರಗಿ ಮುದುಡಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಹಾಸು, ಹೊಕ್ಕು ಎರಡರ ಎಳೆಗಳನ್ನೂ ಬೇರೆ ಬೇರೆಯಾಗಿ ಸುಡಬೇಕು; ಮಿಶ್ರ ನೇಯ್ಗೆಯ ಗುಟ್ಟು ಆಗಲೇ ಹೊರಬೀಳುವುದು. ಆರ್ಟ್ ಸಿಲ್ಕ್ ಅಂದರೆ ಹೆಚ್ಚಾಗಿ ವಿಸ್ಕೋಸು. ಅದೂ ಕಾಗದದ ಹಾಗೇ ಉರಿಯುತ್ತದೆ, ಬಣ್ಣವನ್ನು ಹತ್ತಿಗಿಂತ ಗಾಢವಾಗಿ ಹೀರುತ್ತದೆ. ಮೈ ಹತ್ತಿ, ಸೆರಗು ಆರ್ಟ್ ಸಿಲ್ಕ್ ಆಗಿರುವ ಹಳೆಯ ಇಳಕಲ್ ಸೀರೆಯನ್ನು ಇಡಿಯಾಗಿ ಬಣ್ಣಕ್ಕೆ ಅದ್ದಿದಾಗ ಮೈ ಒಂದು ಛಾಯೆ, ಸೆರಗು ಇನ್ನೊಂದು ಛಾಯೆ ಆಗುವುದು ಇದರಿಂದ. ಹಾಗಾದದ್ದು ಕೆಲವೊಮ್ಮೆ ಚಂದವೇ ಕಾಣುತ್ತದೆ, ಆದರೆ ಗೊತ್ತಿದ್ದು ಮಾಡಬೇಕು.

ಮೂರನೆಯದು, ಬಟ್ಟೆಗೆ ತ್ರಾಣ ಇದೆಯೇ ಎಂದು. ಎರಡೂ ಹೆಬ್ಬೆರಳುಗಳ ನಡುವೆ ಒಂದಿಂಚು ಬಟ್ಟೆ ಹಿಡಿದು ಎಳೆಯಿರಿ. ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ. ಸಣ್ಣದಾಗಿ ‘ಪರ್’ ಅಂದರೂ ಆ ಭಾಗವನ್ನು ಎಳೆತ ಬೀಳುವ ಜಾಗಕ್ಕೆ ಬಳಸುವಂತಿಲ್ಲ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಸೀರೆಯಲ್ಲಿ ಮೊದಲು ಸೋಲುವುದು ನೆರಿಗೆಯ ಕೆಳಭಾಗ, ಮತ್ತು ವರ್ಷಗಟ್ಟಲೆ ಒಂದೇ ಕಡೆ ಮಡಚಿಟ್ಟ ಗೆರೆಗಳು.

ನೀರು ಮತ್ತು ಹಂಗಾಮು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಎರಡನ್ನು ಬಿಟ್ಟು ಬಣ್ಣದ ಮಾತಾಡುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರ, ಅಂಕೋಲಾ, ಕುಮಟಾ ಕಡೆ ಒದ್ದೆ ಬಟ್ಟೆ ಒಣಗುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ. ಶಿರಸಿ, ಸಿದ್ದಾಪುರದಲ್ಲೂ ಅದೇ ಕತೆ. ನಿಧಾನ ಒಣಗುವಾಗ ಬಣ್ಣ ನೀರಿನ ಜೊತೆ ಕೆಳಕ್ಕಿಳಿದು ಅಂಚಿನಲ್ಲಿ ಗೆರೆಗಟ್ಟಿ ನಿಲ್ಲುತ್ತದೆ. ಮಳೆಗಾಲವನ್ನು ಸೂಜಿ ಕೆಲಸಕ್ಕೆ ಇಟ್ಟುಕೊಳ್ಳಿ, ಬಣ್ಣವನ್ನು ನವೆಂಬರಿನಿಂದ ಮೇ ಒಳಗೆ ಮುಗಿಸಿ. ವಿಚಿತ್ರ ಅಂದರೆ ಬಣ್ಣಕ್ಕೆ ಅತ್ಯುತ್ತಮ ನೀರು ಮಳೆಯದೇ. ಸೂರಿನ ಮೊದಲ ಕೆಲವು ಮಳೆಯ ಕೊಳೆನೀರು ಹೋಗಲು ಬಿಟ್ಟು, ಆಮೇಲಿನದನ್ನು ಮುಚ್ಚಳದ ಡ್ರಮ್ಮಿನಲ್ಲಿ ತುಂಬಿಸಿಟ್ಟುಕೊಂಡವರು ಚಳಿಗಾಲದಲ್ಲಿ ಪುಣ್ಯವಂತರು.

ಚಿರೆಕಲ್ಲಿನ ಬಾವಿಗಳ ನೀರಿನಲ್ಲಿ ಎಷ್ಟೋ ಕಡೆ ಕಬ್ಬಿಣದ ಅಂಶ ಇರುತ್ತದೆ. ಪತ್ತೆ ಹಚ್ಚಲು ಹಾಲಿಲ್ಲದ ಚಹಾ ಸಾಕು: ಒಂದು ಲೋಟ ಬಾವಿನೀರಿನಲ್ಲಿ, ಇನ್ನೊಂದು ಲೋಟ ಮಳೆನೀರಿನಲ್ಲೋ ಫಿಲ್ಟರ್ ನೀರಿನಲ್ಲೋ ಚಹಾ ಮಾಡಿ, ಅರ್ಧ ಗಂಟೆ ಬಿಟ್ಟು ಪಕ್ಕಪಕ್ಕ ಇಡಿ. ಬಾವಿನೀರಿನದು ಬೂದುಗಪ್ಪಾದರೆ ಆ ನೀರಿನಲ್ಲಿ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ, ಕೆಂಪು ಬರುವುದಿಲ್ಲ, ಏನೇ ಮಾಡಿದರೂ ಮಂಕಾಗುತ್ತದೆ. ಪಾತ್ರೆಗೂ ಇದೇ ಮಾತು. ಕಬ್ಬಿಣದ ಬಾಣಲೆ ಬಣ್ಣವನ್ನು ಕಪ್ಪಾಗಿಸುತ್ತದೆ, ತಾಮ್ರದ ಹಂಡೆಯೂ ಛಾಯೆ ಬದಲಿಸುತ್ತದೆ. ಸ್ಟೀಲಿನ ದೊಡ್ಡ ಪಾತ್ರೆಯೇ ಸುರಕ್ಷಿತ, ಮತ್ತು ಅದನ್ನು ಮತ್ತೆ ಅಡುಗೆಗೆ ತರಬಾರದು. ಬಚ್ಚಲೊಲೆ ಇದ್ದರೆ ಗ್ಯಾಸು ಉಳಿಯಿತು.

ಮಾಸಿದ ಬಟ್ಟೆಗೆ: ಚೊಗರು, ಪ್ಯಾಕೆಟ್ ಬಣ್ಣ, ತಣ್ಣೀರಿನ ಬಣ್ಣ

ಮೂರಕ್ಕೂ ಅನ್ವಯಿಸುವ ಮಾತು ಮೊದಲು. ಬಣ್ಣ ಪಾರದರ್ಶಕ, ಹಳೆಯದನ್ನು ಮುಚ್ಚುವುದಿಲ್ಲ, ಅದರ ಜೊತೆ ಸೇರುತ್ತದೆ. ಹಳದಿ ಅಂಗಿಯನ್ನು ನೀಲಿಗೆ ಅದ್ದಿದರೆ ಹಸಿರು. ಕೆಂಪು ಬಟ್ಟೆಯನ್ನು ಕಂದು, ಮರೂನು, ಕಪ್ಪಿನತ್ತ ಒಯ್ಯಬಹುದು, ತಿಳಿ ಬಣ್ಣಕ್ಕೆ ಒಯ್ಯಲಾಗದು. ರೆಡಿಮೇಡ್ ಬಟ್ಟೆಯ ಹೊಲಿಗೆ ದಾರ ಬಹುಮಟ್ಟಿಗೆ ಪಾಲಿಯೆಸ್ಟರು. ಹಾಗಾಗಿ ಬಿಳಿ ಅಂಗಿಯನ್ನು ಕಡುನೀಲಿ ಮಾಡಿದಿರಿ ಅಂದರೆ ಕಾಲರಿನ ಸುತ್ತ, ಜೇಬಿನ ಸುತ್ತ ಬಿಳಿ ಹೊಲಿಗೆ ಹಲ್ಲು ಕಿಸಿದು ನಿಲ್ಲುತ್ತದೆ. ಅದು ಬೇಡವಾದರೆ ಮೊದಲೇ ಬಟ್ಟೆಯ ಮೂಲ ಬಣ್ಣಕ್ಕೆ ಹತ್ತಿರದ ಛಾಯೆ ಆರಿಸಿ.

ಅಳತೆ ಯಾವಾಗಲೂ ಒಣ ಬಟ್ಟೆಯ ತೂಕದ ಮೇಲೆ. ಹತ್ತಿಯ ಅಂಗಿ ಸುಮಾರು 200–250 ಗ್ರಾಂ, ಸಾದಾ ಹತ್ತಿ ಸೀರೆ 400–500 ಗ್ರಾಂ, ಜೀನ್ಸ್ 600 ಗ್ರಾಂ ದಾಟುತ್ತದೆ. ಕೆಳಗಿನ ಲೆಕ್ಕಗಳೆಲ್ಲ 250 ಗ್ರಾಮಿನ ಒಂದು ಹತ್ತಿ ಕುರ್ತಾಕ್ಕೆ.

ಚೊಗರು ಅಂದರೆ ಶಿರಸಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೊನೆಕೊಯ್ಲಿನ ಹೊತ್ತಿನಲ್ಲಿ ಸುಲಿದ ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ನೀರು, ಅದನ್ನೇ ಮತ್ತೆ ಮತ್ತೆ ಕುದಿಸಿ ಗಟ್ಟಿ ಮಾಡಿದ್ದು. ಘಟ್ಟದಾಚೆ ಹೆಗ್ಗೋಡಿನ ಚರಕ ಸಂಸ್ಥೆ ಕೈಮಗ್ಗದ ಬಟ್ಟೆಗೆ ಇದನ್ನು ಬಳಸುತ್ತ ಬಂದಿದೆ. ಚೊಗರಿನಲ್ಲಿ ಒಗರಿನ ಅಂಶ, ಅಂದರೆ ಟ್ಯಾನಿನ್, ತುಂಬ ಇರುವುದರಿಂದ ಬೇರೆ ಗಿಡಮೂಲಿಕೆ ಬಣ್ಣಗಳಿಗೆ ಹತ್ತಿಯ ಮೇಲೆ ಬೇಕಾಗುವ ಅಳಲೆಕಾಯಿಯ ಪೂರ್ವಸ್ನಾನ ಇದಕ್ಕೆ ಬೇಡ.

ಮೊದಲು ಬಟ್ಟೆಯನ್ನು ಆರೇಳು ಲೀಟರ್ ನೀರಿನಲ್ಲಿ 10 ಗ್ರಾಂ ವಾಷಿಂಗ್ ಸೋಡಾ, ಚೂರು ಸಾಬೂನು ಹಾಕಿ ಒಂದು ಗಂಟೆ ಕುದಿಸಿ. ಹಳೆಯ ಗಂಜಿ, ಎಣ್ಣೆ, ಬಟ್ಟೆ ಮೃದುವಾಗಲೆಂದು ಹಾಕಿದ ಲಿಕ್ವಿಡ್ಡು ಎಲ್ಲ ಇಳಿದು ನೀರು ಹಳದಿಯಾಗುತ್ತದೆ. ಈ ಹಂತ ಬಿಟ್ಟವರ ಬಟ್ಟೆಯೇ ಆಮೇಲೆ ಮಚ್ಚೆಮಚ್ಚೆ. ಚೆನ್ನಾಗಿ ಜಾಲಿಸಿ, ಒದ್ದೆಯಾಗಿರುವಾಗಲೇ ಚೊಗರಿನ ಬಿಸಿ ನೀರಿಗೆ ಹಾಕಿ. ಗಟ್ಟಿ ಚೊಗರಾದರೆ ಬಟ್ಟೆಯ ತೂಕದಷ್ಟು, ಅಂದರೆ ಕಾಲು ಲೀಟರಿನ ಆಸುಪಾಸು, ಆರು ಲೀಟರ್ ನೀರಿಗೆ. ಹಂಡೆಯಿಂದ ಆಗಷ್ಟೇ ತೆಗೆದ ತೆಳು ನೀರಾದರೆ ಬೇರೆ ನೀರು ಬೆರೆಸದೆ ಬಟ್ಟೆ ತೇಲುವಷ್ಟು. ಒಂದು ಮನೆಯ ಚೊಗರಿನ ಹಾಗೆ ಇನ್ನೊಂದು ಮನೆಯದಿರುವುದಿಲ್ಲ, ಆದ್ದರಿಂದ ಅದೇ ಬಟ್ಟೆಯ ಒಳ ಅಂಚಿನ ಒಂದು ತುಂಡನ್ನು ಮೊದಲು ಅದ್ದಿ ನೋಡಿ. ಒಂದು ಗಂಟೆ ಬಿಸಿ. ಕೊತಕೊತ ಕುದಿಯುವುದು ಬೇಡ, ಆವಿ ಏಳುತ್ತ ತಳದಲ್ಲಿ ಸಣ್ಣ ಗುಳ್ಳೆ ಬರುವಷ್ಟು ಸಾಕು.

ತೆಗೆದು ಹಿಂಡಿ, ಪಟಿಕದ ನೀರಿಗೆ. ಪಟಿಕ ಬಟ್ಟೆಯ ತೂಕದ ನೂರಕ್ಕೆ 15, ಎಂದರೆ 38 ಗ್ರಾಂ. ಬಿಸಿನೀರಿನಲ್ಲಿ ಕರಗಿಸಿ, ಅದಕ್ಕೆ 5 ಗ್ರಾಂ ವಾಷಿಂಗ್ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ. ಬುಸ್ಸೆಂದು ನೊರೆ ಉಕ್ಕುತ್ತದೆ, ದೊಡ್ಡ ಬಕೆಟ್ಟು ಇರಲಿ. ರಾತ್ರಿಯಿಡೀ ಅದರಲ್ಲಿ ಬಿಟ್ಟು, ಬೆಳಿಗ್ಗೆ ಒಮ್ಮೆ ಜಾಲಿಸಿ, ಮತ್ತೆ ಅದೇ ಚೊಗರಿನ ನೀರಿನಲ್ಲಿ ಮುಕ್ಕಾಲು ಗಂಟೆ ಬಿಸಿ ಮಾಡಿ, ಆರುವ ತನಕ ಅಲ್ಲೇ ಬಿಡಿ. ಇಲ್ಲಿಗೆ ಬರುವುದು ಬೆಚ್ಚನೆಯ ಕಂದುಗೆಂಪು.

ಕೊನೆಯ ಐದು ನಿಮಿಷದಲ್ಲಿ ಈ ಬಣ್ಣವನ್ನು ಎರಡು ದಿಕ್ಕಿಗೆ ತಿರುಗಿಸಬಹುದು. ತಿಳಿ ಸುಣ್ಣದ ನೀರಿನಲ್ಲಿ ಅದ್ದಿದರೆ ಕೆಂಪಿನತ್ತ. ಎಲೆಯಡಿಕೆಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗುವುದೂ ಇದೇ ಕಾರಣಕ್ಕೆ. ಗ್ರಂಥಿಗೆ ಅಂಗಡಿಯ ಅನ್ನಭೇದಿ (ಕಬ್ಬಿಣದ ಲವಣ) 5 ಗ್ರಾಂ ಕರಗಿಸಿದ ಆರು ಲೀಟರ್ ನೀರಿನಲ್ಲಿ ಅದ್ದಿದರೆ ನೋಡನೋಡುತ್ತಲೇ ಬೂದುಗಂದು, ಇನ್ನೂ ಬಿಟ್ಟರೆ ಹೆಚ್ಚುಕಡಿಮೆ ಕಪ್ಪು. ಹತ್ತು ನಿಮಿಷ ಮೀರಬೇಡಿ, ಅನ್ನಭೇದಿಯನ್ನೂ ಹೆಚ್ಚಿಸಬೇಡಿ. ಕಬ್ಬಿಣ ಹೆಚ್ಚಾದರೆ ಹತ್ತಿ ಕ್ರಮೇಣ ಪೆಡಸಾಗಿ ಮಡಿಕೆಯಲ್ಲಿ ಬಿರಿಯುತ್ತದೆ. ನೆರಳಲ್ಲಿ ಒಣಗಿಸಿ, ಒಂದು ವಾರ ಬಿಟ್ಟು ಮೊದಲ ಒಗೆತ, ಅಂಟುವಾಳದ ನೊರೆಯಲ್ಲಿ. ಬಟ್ಟೆ ಸಾಬೂನಿನ ಕ್ಷಾರಕ್ಕೂ ನಿಂಬೆಹುಳಿಗೂ ಚೊಗರಿನ ಬಣ್ಣ ಸ್ವಲ್ಪ ಸ್ವಲ್ಪ ಆಚೀಚೆ ಸರಿಯುತ್ತದೆ. ಬೆವರು ಹೆಚ್ಚಿರುವ ಕರಾವಳಿಯಲ್ಲಿ ಕಂಕುಳ ಭಾಗ ಬೇಗ ಛಾಯೆ ಬಿಡುವುದನ್ನು ಒಪ್ಪಿಕೊಂಡೇ ಈ ದಾರಿ ಹಿಡಿಯಬೇಕು.

ಇದೇ ಉತ್ಸಾಹದಲ್ಲಿ ಮುರುಗಲ ಹಣ್ಣು, ಬೀಟ್‌ರೂಟು, ದಾಸವಾಳದ ಹಿಂದೆ ಬೀಳುವವರಿದ್ದಾರೆ. ಪಾತ್ರೆಯಲ್ಲಿ ನೋಡಲು ಬಲು ಚಂದ. ಸಾಬೂನು ತಾಗಿದ ಕೂಡಲೇ ಮುರುಗಲಿನ ಕೆಂಪು ಹಸಿರುಬೂದಿಗೆ ತಿರುಗುತ್ತದೆ, ಬಿಸಿಲಿಗೆ ಅದೂ ಉಳಿಯುವುದಿಲ್ಲ. ಅರಿಶಿನ ಅದಕ್ಕಿಂತ ವಾಸಿ, ಆದರೆ ಅಂಗಳದ ಬಿಸಿಲಲ್ಲಿ ನಾಲ್ಕು ದಿನ ಒಣಹಾಕಿದರೆ ಮಾಸುತ್ತದೆ. ಗಿಡಮೂಲಿಕೆಯಲ್ಲಿ ನಿಜವಾದ ಕೆಂಪೇ ಬೇಕೆಂದರೆ ಮಂಜಿಷ್ಠದ ಬೇರು, ಪಟಿಕದ ಜೊತೆ, ನೀರು ಕುದಿಯದಂತೆ. ಕುದಿಸಿದರೆ ಕಂದಾಗುತ್ತದೆ.

ಪೇಟೆಯ ಅಂಗಡಿಗಳಲ್ಲಿ ಸಣ್ಣ ಪೊಟ್ಟಣಗಳಲ್ಲಿ ಸಿಗುವ ಬಿಸಿನೀರಿನ ಬಣ್ಣ ಎರಡನೆಯ ದಾರಿ. ಕುದಿಯುವ ನೀರು, ಎರಡು ಹಿಡಿ ಉಪ್ಪು, ಮುಕ್ಕಾಲು ಗಂಟೆ, ಕೆಲಸ ಮುಗಿಯಿತು. ಇದರ ಬಣ್ಣದ ಕಣಗಳು ನೂಲಿನಲ್ಲಿ ಸುಮ್ಮನೆ ಕೂತಿರುತ್ತವೆ, ಬೆಸೆದುಕೊಂಡಿರುವುದಿಲ್ಲ. ಹಾಗಾಗಿ ಪ್ರತಿ ಒಗೆತಕ್ಕೂ ಬಣ್ಣ ಬಿಡುತ್ತದೆ, ಪಕ್ಕದ ಬಟ್ಟೆಗೂ ಹತ್ತುತ್ತದೆ, ಮಳೆಗೆ ನೆನೆದರೆ ಮೈಗೂ ಹತ್ತುತ್ತದೆ. ನಾಟಕಕ್ಕೆ, ಶಾಲೆಯ ಕಾರ್ಯಕ್ರಮಕ್ಕೆ, ಒಮ್ಮೆ ಹಾಕಿ ಬಿಡುವ ಬಟ್ಟೆಗೆ ಅಡ್ಡಿಯಿಲ್ಲ. ದಿನಬಳಕೆಗೆ ಇದು ನಮ್ಮ ಸಲಹೆಯಲ್ಲ.

ದಿನಬಳಕೆಯ ಹತ್ತಿ ಬಟ್ಟೆಗೆ ಮೂರನೆಯದೇ ಗಟ್ಟಿ: ತಣ್ಣೀರಲ್ಲಿ ಹಿಡಿಯುವ ರಿಯಾಕ್ಟಿವ್ ಬಣ್ಣ. ಇದು ಹತ್ತಿಯ ನೂಲಿನ ಜೊತೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತದೆ, ಸರಿಯಾಗಿ ತೊಳೆದರೆ ಆಮೇಲೆ ಬಣ್ಣ ಬಿಡುವುದಿಲ್ಲ. ಕೊಳ್ಳುವಾಗ ‘ಕೋಲ್ಡ್’ ಎಂದು ಕೇಳಿ ತನ್ನಿ; ಬಿಸಿ ಬಗೆಯದಕ್ಕೆ 60–80 ಡಿಗ್ರಿ ಬೇಕು. ಐದು ಲೀಟರ್ ನೀರು, ಮಧ್ಯಮ ಛಾಯೆಗೆ 5 ಗ್ರಾಂ ಬಣ್ಣ, ಗಾಢಕ್ಕೆ 10 ಗ್ರಾಂ, ಉಪ್ಪು 250 ಗ್ರಾಂ. ಬಣ್ಣ, ಉಪ್ಪು ಎರಡನ್ನೂ ಕರಗಿಸಿ, ಒದ್ದೆ ಬಟ್ಟೆ ಹಾಕಿ, ಇಪ್ಪತ್ತು ನಿಮಿಷ ಕೈಯಾಡಿಸಿ. ಕೈಗವಸು ಬೇಕೇ ಬೇಕು, ಪುಡಿ ಬಿಚ್ಚುವಾಗ ಮೂಗಿಗೆ ಬಟ್ಟೆಯೂ ಬೇಕು. ಆಮೇಲೆ ಬಟ್ಟೆ ಹೊರತೆಗೆದು, ಬೇರೆ ಲೋಟದಲ್ಲಿ ಕರಗಿಸಿದ 50 ಗ್ರಾಂ ಸೋಡಾ ಆ್ಯಶ್ ಸೇರಿಸಿ, ಬಟ್ಟೆ ಮತ್ತೆ ಹಾಕಿ ಒಂದು ಗಂಟೆ. ಸೋಡಾವನ್ನು ನೇರವಾಗಿ ಬಟ್ಟೆಯ ಮೇಲೆ ಸುರಿದರೆ ಬಿದ್ದಲ್ಲೇ ಗಾಢ ಮಚ್ಚೆ. ಹರಳಿನ ರೂಪದ ವಾಷಿಂಗ್ ಸೋಡಾದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ, ಅದಾದರೆ 130 ಗ್ರಾಂ ಹಾಕಿ. ಅಡುಗೆ ಸೋಡಾ ಈ ಕೆಲಸಕ್ಕೆ ಬಾರದು.

ಉಪ್ಪಿನ ವಿಷಯದಲ್ಲಿ ಒಂದು ಮಾತು. ಸಾಣಿಕಟ್ಟಾ ಉಪ್ಪು ಉಪ್ಪಿನಕಾಯಿಗೆ ಎಷ್ಟೇ ಶ್ರೇಷ್ಠವಾದರೂ ಇಲ್ಲಿ ಬೇಡ. ಗದ್ದೆಯ ಸಮುದ್ರದುಪ್ಪಿನಲ್ಲಿರುವ ಸುಣ್ಣ, ಮೆಗ್ನೀಷಿಯಂ ಅಂಶಗಳು ಸೋಡಾ ಸೇರಿದ ಕೂಡಲೇ ಬಿಳಿ ಪುಡಿಯಾಗಿ ಇಳಿದು ಬಟ್ಟೆಯ ಮೇಲೆ ಚುಕ್ಕೆ ಕೂರಿಸುತ್ತವೆ. ಪ್ಯಾಕೆಟ್ಟಿನ ಪುಡಿಯುಪ್ಪೇ ಸರಿ. ಏಪ್ರಿಲ್–ಮೇಯಲ್ಲಿ ಸಮುದ್ರದಂಚಿನ ಬಾವಿಗಳಿಗೆ ಉಪ್ಪುನೀರು ನುಗ್ಗಿದಾಗಲೂ ಇದೇ ತೊಂದರೆ.

ನಮ್ಮ ಸೆಕೆ ಈ ಬಣ್ಣಕ್ಕೆ ಹೇಳಿ ಮಾಡಿಸಿದ್ದು. ನೀರು 30 ಡಿಗ್ರಿ ಸುಮಾರಿಗೆ ಇದ್ದರೆ ಸಾಕು, ಒಲೆ ಹಚ್ಚಬೇಕಿಲ್ಲ. ಆದರೆ ಕೊನೆಯ ತೊಳೆತದಲ್ಲಿ ಒಲೆ ಬೇಕು. ತಣ್ಣೀರಲ್ಲಿ ನಾಲ್ಕು ಸಲ ಜಾಲಿಸಿ, ಆಮೇಲೆ ಕುದಿನೀರಿನಲ್ಲಿ ಸಾಬೂನು ಹಾಕಿ ಹತ್ತು ನಿಮಿಷದಂತೆ ಎರಡು ಸಲ. ನೂಲಿಗೆ ಬೆಸೆಯದೆ ಉಳಿದ ಬಣ್ಣ ಹೊರಬರುವುದು ಈ ಬಿಸಿಗೇ. ‘ರಿಯಾಕ್ಟಿವ್ ಬಣ್ಣವೂ ಬಿಡುತ್ತದೆ’ ಎಂದು ದೂರುವವರು ಬಹುತೇಕ ಈ ಕೊನೆಯ ಹಂತ ಬಿಟ್ಟವರು. ಕರಗಿಸಿದ ಬಣ್ಣವನ್ನು ನಾಳೆಗೆಂದು ಎತ್ತಿಡಬೇಡಿ, ನೀರಿನ ಜೊತೆಗೇ ಬೆರೆತು ಸತ್ತುಹೋಗಿರುತ್ತದೆ.

ಒಟ್ಟಿನಲ್ಲಿ, ಕಂದು–ಬೂದು ಬಣ್ಣಗಳ ಮಾಗಿದ ಚಂದ ಬೇಕು, ಎರಡು ದಿನ ಕೊಡಬಲ್ಲಿರಿ, ನೀರು ಒಳ್ಳೆಯದಿದೆ ಅಂದರೆ ಚೊಗರು. ಹಸಿರು, ನೀಲಿ, ಕಡುಗೆಂಪು ಬೇಕು, ಬಟ್ಟೆ ವಾರಕ್ಕೆರಡು ಸಲ ಒಗೆಯುವಂಥದ್ದು ಅಂದರೆ ರಿಯಾಕ್ಟಿವ್. ರೇಷ್ಮೆಗೆ ಇವೆರಡರಲ್ಲಿ ಚೊಗರೇ ಮೇಲು. ಪಟಿಕ ನೂರಕ್ಕೆ 10 ಸಾಕು, ಸೋಡಾ ಮುಟ್ಟಿಸಲೇಬಾರದು, ಕುದಿಸಲೂ ಬಾರದು. ಪಾಲಿಯೆಸ್ಟರ್ ಸೇರಿದ ಬಟ್ಟೆಗೆ ಮೂರೂ ಇಲ್ಲ.

ಕಲೆ ಬಿದ್ದಿದ್ದರೆ

ಗೇರುಹಣ್ಣಿನ ರಸ, ಬಾಳೆಯ ಸೊನೆ, ಹಸಿ ಅಡಿಕೆಯ ಒಗರು: ತೋಟದ ಮನೆಯ ಬಿಳಿ ಬಟ್ಟೆಗಳ ಕತೆ ಇಷ್ಟರಲ್ಲೇ ಮುಗಿಯುತ್ತದೆ. ಇವು ಬಹುಮಟ್ಟಿಗೆ ಒಗರಿನ ಕಲೆಗಳು, ಅಂದರೆ ಚೊಗರಿನ ನೆಂಟರು. ಸುಮ್ಮನೆ ಚೊಗರಿಗೆ ಅದ್ದಿದರೆ ಕಲೆಯಿದ್ದ ಜಾಗ ಇನ್ನೂ ಗಾಢವಾಗುತ್ತದೆ. ಚೊಗರಿನ ನಂತರ ಅನ್ನಭೇದಿಗೆ ಅದ್ದಿದರೆ ಇಡೀ ಬಟ್ಟೆ ಕಪ್ಪುಬೂದಿಗೆ ಇಳಿದು ಕಲೆ ಅದರೊಳಗೆ ಸೇರಿಹೋಗುತ್ತದೆ. ಗೇರು ಕಲೆಯ ಬಿಳಿ ಲುಂಗಿ, ಅಂಗಿಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ಕಾಣೆ.

ಎಣ್ಣೆ ಕಲೆಯ ಸ್ವಭಾವ ಇದರ ತದ್ವಿರುದ್ಧ. ಎಣ್ಣೆ ಇದ್ದಲ್ಲಿ ಬಣ್ಣ ಹಿಡಿಯದೆ ತಿಳಿ ಮಚ್ಚೆ ಉಳಿಯುತ್ತದೆ. ಅದಕ್ಕೆ ಮುದ್ರೆ ಒತ್ತುವುದೋ ಬಟ್ಟೆಯ ಪೇಂಟೋ ಸರಿ. ಅಕ್ರಿಲಿಕ್ ಪೇಂಟು ಬಟ್ಟೆಯ ಮೇಲೆ ಪದರವಾಗಿ ಕೂರುವುದರಿಂದ ಕಲೆ ಮುಚ್ಚುತ್ತದೆ, ಪಾಲಿಯೆಸ್ಟರ್ ಮಿಶ್ರಣಕ್ಕೂ ಅಂಟುತ್ತದೆ. ಆದರೆ ಆ ಭಾಗ ರಟ್ಟಿನಂತಾಗಿ ಗಾಳಿಯಾಡುವುದಿಲ್ಲ. ಬೆನ್ನು, ಎದೆಯ ದೊಡ್ಡ ಭಾಗಕ್ಕೆ ಬಳಿದರೆ ಕುಮಟೆಯ ಮೇ ತಿಂಗಳಲ್ಲಿ ಆ ಅಂಗಿ ಹಾಕುವವರಿಲ್ಲ. ಪೂರ್ತಿ ಒಣಗಿದ ಮೇಲೆ ಒಳಬದಿಯಿಂದ ಇಸ್ತ್ರಿ ಮಾಡಿ ಕೂರಿಸಬೇಕು. ಒಣಹವೆಯಲ್ಲಿ ಒಂದು ದಿನ ಸಾಕಾಗುವುದು ಮಳೆಗಾಲದಲ್ಲಿ ಮೂರು ದಿನವಾದರೂ ಬೇಕು. ಬೆರಳಿಗೆ ಅಂಟಂಟು ಅನಿಸಿದರೆ ಇಸ್ತ್ರಿ ಮುಟ್ಟಿಸಬೇಡಿ.

ಬೂಷ್ಟಿನ ಕರಿ ಚುಕ್ಕೆ ನೂಲಿನೊಳಗೇ ಇಳಿದಿದ್ದರೆ ಅದು ಹೋಗುವುದಿಲ್ಲ. ಗಾಢ ಬಣ್ಣವೊಂದೇ ದಾರಿ, ಅದೂ ಹೆಬ್ಬೆರಳಿನ ಪರೀಕ್ಷೆಯಲ್ಲಿ ಬಟ್ಟೆ ಪಾಸಾದರೆ.

ಹರಿದಿದ್ದರೆ: ಕೌದಿ ಹೊಲಿಗೆಯೋ, ಕಸೂತಿಯೋ

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಗಳನ್ನು ನೋಡಿದವರಿಗೆ ಗೊತ್ತು: ಹಳೆ ಸೀರೆಯ ತಳ, ಅದರ ಮೇಲೆ ಕೈಗೆ ಸಿಕ್ಕ ಬಣ್ಣಬಣ್ಣದ ತುಂಡು, ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುವ ಉದ್ದನೆಯ ಓಟದ ಹೊಲಿಗೆ. ಮೂಲೆಗೆ ಮಡಚಿದ ತುಂಡುಗಳ ‘ಫುಲ’ ಇಡದೆ ಕೌದಿ ಮುಗಿಯಿತು ಅನ್ನುವಂತಿಲ್ಲ. ಇದರ ಜಾಣತನ ಹೊಲಿಗೆಯ ಸಾಲುಗಳಲ್ಲಿದೆ. ಎಳೆತ ಒಂದೇ ಗೆರೆಯ ಮೇಲೆ ಬೀಳದೆ ನೂರಾರು ಸಣ್ಣ ಹೊಲಿಗೆಗಳಿಗೆ ಹಂಚಿಹೋಗುತ್ತದೆ. ಜೀನ್ಸಿನ ಮೊಣಕಾಲಿಗೆ, ಅಂಗಿಯ ಮೊಣಕೈಗೆ, ಹತ್ತಿ ಜಾಕೆಟ್ಟಿನ ಬೆನ್ನಿಗೆ ಇದೇ ಕ್ರಮ ಸಲ್ಲುತ್ತದೆ.

ತೇಪೆ ತೂತಿಗಿಂತ ಎಲ್ಲ ಕಡೆ ಒಂದೂವರೆ ಇಂಚು ದೊಡ್ಡದಿರಲಿ. ತೂತಿನ ಸುತ್ತ ನವೆದ ಬಟ್ಟೆಯನ್ನು ದಾಟಿ ಗಟ್ಟಿ ಬಟ್ಟೆ ಮುಟ್ಟಬೇಕು. ನವೆದಲ್ಲೇ ಅಂಚು ನಿಂತರೆ ಎರಡು ಒಗೆತಕ್ಕೆ ತೇಪೆಯ ಪಕ್ಕದಲ್ಲೇ ಹೊಸ ತೂತು. ತೇಪೆಯ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸಿಕೊಳ್ಳಿ, ಇಲ್ಲದಿದ್ದರೆ ಆಮೇಲೆ ಕುಗ್ಗಿ ಮುದುಡುತ್ತದೆ. ಅಂಚನ್ನು ಅರ್ಧ ಇಂಚು ಮಡಚಿ ಉಗುರಿನಿಂದ ಒತ್ತಿ, ಹೊರಗಿನ ಸುತ್ತಿನಿಂದ ಶುರು ಮಾಡಿ, ಸಾಲಿಗೂ ಸಾಲಿಗೂ ಕಾಲಿಂಚು ಬಿಟ್ಟು ಒಳಕ್ಕೆ ಬನ್ನಿ. ದಪ್ಪ ಹತ್ತಿ ದಾರವೇ ಇರಲಿ. ಪಾಲಿಯೆಸ್ಟರ್ ದಾರ ಹಳೆ ಹತ್ತಿಗಿಂತ ಗಟ್ಟಿ, ಅದೇ ಬಟ್ಟೆಯನ್ನು ಕೊಯ್ಯುತ್ತದೆ. ಪ್ರತಿ ಸಾಲಿನ ಕೊನೆಗೆ ಬಟ್ಟೆಯನ್ನು ಒಮ್ಮೆ ಚಾಚಿ ದಾರ ಸಡಿಲ ಬಿಟ್ಟುಕೊಳ್ಳಿ. ಜೀನ್ಸಿನ ಮೊಣಕಾಲಿಗೆ ಕಾಲಿನ ಕೆಳಗಿನಿಂದ ಕೈ ತೂರಿಸಿ ಒದ್ದಾಡುವುದಕ್ಕಿಂತ ಪಕ್ಕದ ಹೊಲಿಗೆ ಬಿಚ್ಚಿಬಿಡಿ. ಒಳತೊಡೆಯದೋ ಹೊರಬದಿಯದೋ, ಮೇಲಿನಿಂದ ಜೋಡಿ ಹೊಲಿಗೆ ಕಾಣದ ಕಡೆಯನ್ನು ಬಿಚ್ಚಬೇಕು. ಸಾಮಾನ್ಯವಾಗಿ ಅದು ಹೊರಬದಿ. ಕೆಲಸ ಮುಗಿದ ಮೇಲೆ ಮಷೀನಿನಲ್ಲಿ 16 ನಂಬರಿನ ಸೂಜಿ ಹಾಕಿ ಮುಚ್ಚಿ. ಅಂಗಿಗೆ ಬಳಸುವ 11 ನಂಬರ್ ಇಲ್ಲಿ ಮುರಿಯುತ್ತದೆ.

ಕಸೂತಿ ಬೇರೆಯೇ ಜಾತಿ. ಧಾರವಾಡ ಕಡೆಯ ಗವಂತಿ, ಮುರ್ಗಿ, ನೇಗಿ, ಮೆಂತೆ ಹೊಲಿಗೆಗಳು ಎಳೆ ಎಣಿಸಿ ಹಾಕುವಂಥವು. ಹರಕಿಗೆ ಕಸೂತಿ ಆಗದು, ಎಣಿಸಲು ಎಳೆಯೇ ಇರುವುದಿಲ್ಲ. ಗಟ್ಟಿಯಾಗಿರುವ, ಆದರೆ ಸಪ್ಪೆ ಕಾಣುವ ಬಟ್ಟೆಗೆ ಇದು. ಕೈಮಗ್ಗದ ಬಟ್ಟೆಯಾದರೆ ನೇರವಾಗಿ ಎಣಿಸಬಹುದು. ಮಿಲ್ಲಿನ ಒತ್ತು ನೇಯ್ಗೆಯಾದರೆ ಮೇಲೆ ಮ್ಯಾಟಿ ಬಟ್ಟೆ ಟಾಕಿ, ಅದರ ಚೌಕ ಎಣಿಸಿ ಹೊಲಿದು, ಮುಗಿದ ಮೇಲೆ ಅಂಚು ಒದ್ದೆ ಮಾಡಿ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಚಿಮಟದಿಂದ ಎಳೆಯಬೇಕು. ಹೊಲಿಯುವಾಗ ಸೂಜಿ ಮ್ಯಾಟಿಯ ಎಳೆಯನ್ನೇ ಚುಚ್ಚಿದರೆ ಅದು ಆಮೇಲೆ ಬರುವುದಿಲ್ಲ, ಕಣ್ಣುಗಳ ನಡುವೆಯೇ ಸೂಜಿ ಇಳಿಯಬೇಕು. ಆರು ಎಳೆಯ ಲಚ್ಚಿಯಿಂದ ಎರಡೇ ಎಳೆ, ಗಂಟು ಹಾಕದೆ. ಗವಂತಿಯಲ್ಲಿ ಹೋದ ದಾರಿಯಲ್ಲೇ ವಾಪಸು ಬರುವುದರಿಂದ ಹಿಂದುಮುಂದು ಎರಡೂ ಒಂದೇ. ಹಾಗಾಗಿ ದುಪಟ್ಟಾದ ತುದಿಗೆ, ಮಡಚುವ ತೋಳಿಗೆ ಅದನ್ನೇ ಆರಿಸಿ. ಬಿಡುವು ಕಡಿಮೆ ಇದ್ದರೆ ಕುತ್ತಿಗೆಯ ಸುತ್ತ ಒಂದು ಸಾಲು ಮುರ್ಗಿ ಸಾಕು. ಗೋಪುರ, ತೇರಿಗೆ ಕೈಹಾಕಿದರೆ ಒಂದು ಮಳೆಗಾಲವೇ ಬೇಕು.

ಸೀರೆಗೆ ಕತ್ತರಿ

ಸೀರೆಯ ಉದ್ದ 5.5 ಮೀಟರ್, ಎಂದರೆ 216 ಇಂಚು. ಪನ್ನ, ಅಂದರೆ ಅಗಲ, ಸುಮಾರು 45 ಇಂಚು. ಇದರಲ್ಲಿ ಏನು ಹೊಲಿಯಬಹುದು ಅನ್ನುವುದಕ್ಕಿಂತ ಎಳೆತ ಎಲ್ಲಿ ಬೀಳುತ್ತದೆ ಅನ್ನುವುದೇ ನಿರ್ಧಾರಕ್ಕೆ ಆಧಾರ. ರವಿಕೆಗೆ ಎಳೆತ ಅತಿ ಹೆಚ್ಚು, ಹಳೆ ಸೀರೆಯಿಂದ ರವಿಕೆ ಹೊಲಿಯಲೇಬೇಡಿ. ಕುರ್ತಾಕ್ಕೆ ಭುಜ, ಕಂಕುಳಲ್ಲಿ ಎಳೆತ, 2.5 ಮೀಟರ್ ಬೇಕು, ಒಳಗೆ ಹತ್ತಿಯ ಅಸ್ತರು ಬೇಕು, ಮತ್ತು ಅಸ್ತರನ್ನು ಮೇಲಿನ ಬಟ್ಟೆಗಿಂತ ಕೂದಲೆಳೆ ಬಿಗಿಯಾಗಿ ಕತ್ತರಿಸಬೇಕು, ಎಳೆತವನ್ನು ಅದು ಹೊರಲಿ ಎಂದು. ದುಪಟ್ಟಾಕ್ಕೆ ಎಳೆತವೇ ಇಲ್ಲ; ಸೆರಗಿನ ಕಡೆಯಿಂದ 2.25 ಮೀಟರ್ ಕತ್ತರಿಸಿ ಒಂದು ತುದಿ ಮಡಚಿ ಹೊಲಿದರೆ ಆಯಿತು.

ಮೊದಲ ಸಲ ಕತ್ತರಿ ಹಿಡಿಯುವವರಿಗೆ ನೆರಿಗೆ ಲಂಗವೇ ಸರಿ. ಎಲ್ಲ ಎಳೆತ ಸೊಂಟಪಟ್ಟಿಯ ಮೇಲೆ, ಸೀರೆಯ ಅಂಚೇ ಕೆಳಗಿನ ಅಂಚು, ಕೆಳಗೆ ಮಡಚಿ ಹೊಲಿಯುವ ಕೆಲಸವೂ ಉಳಿಯಿತು. ಸೊಂಟ 30 ಇಂಚಾದರೆ ಒತ್ತು ನೆರಿಗೆಗೆ ಅದರ ಮೂರು ಪಟ್ಟು, ಜೊತೆಗೆ ಹೊಲಿಗೆಗೆಂದು 4 ಇಂಚು, ಒಟ್ಟು 94 ಇಂಚು ಉದ್ದ ಕತ್ತರಿಸಿ. ಲಂಗದ ಉದ್ದ 36 ಇಂಚು ಬೇಕಾದರೆ ಪನ್ನದಲ್ಲಿ 37 ಇಂಚು ಇಟ್ಟುಕೊಂಡು ಮೇಲಿನ 8 ಇಂಚು ತೆಗೆಯಿರಿ. ಆ ಪಟ್ಟಿಯ ಅಂಚು ಕುರ್ತಾದ ತೋಳಿಗೆ ಬರುತ್ತದೆ. ಸೊಂಟಪಟ್ಟಿಗೆ ಮಾತ್ರ ಸೀರೆಯ ಬಟ್ಟೆ ಬೇಡ, ಗಟ್ಟಿ ಹತ್ತಿಯ ಹೊಸ ತುಂಡು ಹಾಕಿ, ಒಳಗೆ ಬಕ್ರಂ ಕೂರಿಸಿ. ಉಳಿದ 122 ಇಂಚಿನಲ್ಲಿ ದುಪಟ್ಟಾ ಸಲೀಸಾಗಿ ಬರುತ್ತದೆ. ಕತ್ತರಿಸುವ ಮೊದಲು ನವೆದ ಜಾಗಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅವು ನೆರಿಗೆಯ ಒಳಮಡಿಕೆಗೆ ಹೋಗುವಂತೆ ಹೊಂದಿಸಿ.

ಬಿಗಿಯಾದ ಕುರ್ತಾಕ್ಕೂ ಸೀರೆಯ ಅಂಚು ಒದಗುತ್ತದೆ. ಒಟ್ಟು 4 ಇಂಚು ಸಡಿಲ ಬೇಕಾದರೆ ಎರಡೂ ಪಕ್ಕಕ್ಕೆ 3 ಇಂಚು ಅಗಲದ ಪಟ್ಟಿ. ಅರ್ಧರ್ಧ ಇಂಚು ಹೊಲಿಗೆಗೆ ಹೋಗಿ 2 ಇಂಚು ಉಳಿಯುತ್ತದೆ. ಹೆಚ್ಚಿನವರು ಪಟ್ಟಿಯನ್ನು ಕಂಕುಳಲ್ಲಿ ನಿಲ್ಲಿಸುತ್ತಾರೆ, ಆಮೇಲೆ ಕೈ ಎತ್ತಿದಾಗ ಇಡೀ ಕುರ್ತಾ ಮೇಲೆದ್ದು ಬರುತ್ತದೆ. ಪಟ್ಟಿ ಕಂಕುಳು ದಾಟಿ ತೋಳಿನ ಹೊಲಿಗೆಯುದ್ದಕ್ಕೂ ಕಿರಿದಾಗುತ್ತ ಹೋಗಬೇಕು. ಜರಿ ಅಂಚಾದರೆ ಮೊದಲು ಅಂಚನ್ನೂ ಕುರ್ತಾವನ್ನೂ ಬೇರೆ ಬೇರೆ ಒಗೆದು ಒಣಗಿಸಿ. ಹತ್ತಿ ಕುಗ್ಗಿ ಜರಿ ಕುಗ್ಗದೆ ಉಳಿದರೆ ಪಟ್ಟಿ ಅಲೆಅಲೆಯಾಗುತ್ತದೆ.

ಪಾಲಿಯೆಸ್ಟರ್ ಜಾರ್ಜೆಟ್ ಸೀರೆಗಳಿಗೆ ಕತ್ತರಿಯೇ ದಾರಿ. 9 ನಂಬರಿನ ಹೊಸ ಸೂಜಿ, ಸಡಿಲ ಟೆನ್ಶನ್, ಹೊಲಿಗೆಯ ಕೆಳಗೆ ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯುವುದು. ಇಷ್ಟು ಮಾಡಿದರೆ ಸುಕ್ಕು ಬೀಳದು. ಇಸ್ತ್ರಿ ಅತಿ ಕಡಿಮೆ ಬಿಸಿಯಲ್ಲಿ, ಮೇಲೊಂದು ಹತ್ತಿ ಬಟ್ಟೆ ಹಾಸಿ.

ನಿಜ ಜರಿಯ ಹಳೆ ರೇಷ್ಮೆ ಸೀರೆ ಇಡಿಯಾಗಿ ಗಟ್ಟಿಯಿದ್ದರೆ ಕತ್ತರಿ ಹಾಕುವ ಆಸೆ ಬಿಡಿ. ಉಡುವ ಬಗೆ ಬದಲಿಸಿ, ರವಿಕೆ ಬದಲಿಸಿ, ಬೇಕಾದರೆ ಹತ್ತಿಯ ಸಾದಾ ಅಂಗಿಯ ಮೇಲೆ ಉಟ್ಟು ನೋಡಿ. ಮೈ ಪೂರ್ತಿ ಬಿರಿದು ಅಂಚು ಮಾತ್ರ ಉಳಿದಿದ್ದರೆ, ಅಂಚಿನ ಪಕ್ಕದ ಒಂದಿಂಚು ರೇಷ್ಮೆಯನ್ನೂ ಸೇರಿಸಿ ಬಿಡಿಸಿಕೊಳ್ಳಿ. ಹೊಲಿಗೆ ಹಿಡಿಯುವುದು ಆ ಒಂದಿಂಚಿನಲ್ಲಿ.